ಜರಿ ಕಚ್ಚಿತೋ, ಚೋರಟೆ ಮುಟ್ಟಿತೋ: ಒಂದು ಮೆಡಿಕಲ್ ಕೋಡ್‌ನ ಹಿಂದಿನ ಬರವಣಿಗೆ

ಮಲೆನಾಡು, ಕರಾವಳಿಯ ಕಡೆ ಯಾರಾದರೂ ಆಸ್ಪತ್ರೆಗೆ ಬಂದು "ಹುಳ ಮುಟ್ಟಿದೆ" ಎಂದರೆ ಆ ಹುಳ ಜರಿಯಾಗಿರಬಹುದು, ಚೇಳಾಗಿರಬಹುದು, ನಾಗರಹಾವೂ ಆಗಿರಬಹುದು. ಹಾವಿನ ಹೆಸರೆತ್ತಬಾರದು ಎಂಬ ಹಳೇ ರೂಢಿ ಅಲ್ಲಿ ಇನ್ನೂ ಹೋಗಿಲ್ಲ. ಕ್ಯಾಶುವಾಲ್ಟಿಯಲ್ಲಿ ಕೂತವರು ಈ ಮಾತನ್ನು ಹಾಗೇ ಇಂಗ್ಲಿಷಿಗೆ ತಿರುಗಿಸಿ "ಇನ್‌ಸೆಕ್ಟ್ ಬೈಟ್" ಎಂದು ಬರೆದುಬಿಟ್ಟರೆ ಮುಂದಿನದೆಲ್ಲ ಆ ಎರಡು ಪದಗಳ ಮೇಲೆ ನಿಲ್ಲುತ್ತದೆ. ರೆಕಾರ್ಡ್ ರೂಮಿನವರು ಅದಕ್ಕೇ ಕೋಡ್ (ರೋಗಕ್ಕೂ ಪೆಟ್ಟಿಗೂ ಕೊಡುವ ಗುರುತಿನ ಸಂಖ್ಯೆ) ಹಾಕುತ್ತಾರೆ, ವಿಮೆಯವರು ಅದನ್ನೇ ಓದುತ್ತಾರೆ, ಅಂಕಿಅಂಶದಲ್ಲಿ ಅದೇ ಉಳಿಯುತ್ತದೆ.

ಇದು ಇಲ್ಲಿನ ಆಸ್ಪತ್ರೆಗಳ ತೊಂದರೆ ಮಾತ್ರವಲ್ಲ. ಬೆಂಗಳೂರಿನ ಕೋಡಿಂಗ್ ಕಂಪನಿಗಳಲ್ಲಿ ಅಮೆರಿಕದ ಚಾರ್ಟ್, ಅಂದರೆ ರೋಗಿಯ ದಾಖಲೆ, ನೋಡಿ ಇಂಥ ಕೋಡ್ ಹಾಕುವವರ ಮುಂದೆಯೂ ಇದೇ ತೊಡಕು ಬರುತ್ತದೆ. ಅರಿಜೋನಾ, ಟೆಕ್ಸಾಸ್, ಹವಾಯಿ ಕಡೆಯ ತುರ್ತು ಚಿಕಿತ್ಸಾ ಘಟಕಗಳಿಗೆ ಜರಿ ಕಚ್ಚಿದವರು ಬರುತ್ತಿರುತ್ತಾರೆ. ಅಮೆರಿಕದ ನೈಋತ್ಯ ಮರುಭೂಮಿಯಲ್ಲಿರುವುದು ಸ್ಕೊಲೊಪೆಂಡ್ರಾ ಹೀರೋಸ್, ಹವಾಯಿಯಲ್ಲಿರುವುದು ಸ್ಕೊಲೊಪೆಂಡ್ರಾ ಸಬ್‌ಸ್ಪೈನಿಪೀಸ್. ಎರಡೂ ಚೆನ್ನಾಗಿಯೇ ಕಚ್ಚುತ್ತವೆ.

ಮುಂದೆ ಹೋಗುವ ಮುನ್ನ ಒಂದು ಮಾತು: ಕೋಡ್‌ಗಳ ಅಕ್ಷರಗಳನ್ನು ಇಲ್ಲಿ ಕನ್ನಡದಲ್ಲೇ ಬರೆದಿದೆ. ಟಿ63 ಎಂದರೆ ಸಾಫ್ಟ್‌ವೇರ್‌ನಲ್ಲಿ ಅದೇ ಉಚ್ಚಾರಣೆಯ ಇಂಗ್ಲಿಷ್ ಅಕ್ಷರ ಒತ್ತಬೇಕು.

ಮೊದಲು ಪ್ರಾಣಿ ಯಾವುದು

ಜರಿ, ಅಂದರೆ ಶತಪದಿ, ಕೀಟವೇ ಅಲ್ಲ. ಕೀಟಕ್ಕೆ ಆರು ಕಾಲು. ಜರಿಗೆ ಮೈಯ ಒಂದೊಂದು ಗೆಣ್ಣಿಗೂ ಒಂದು ಜೊತೆ ಕಾಲು. (ವಯಸ್ಕ ಜರಿಯಲ್ಲಿ ಈ ಜೊತೆಗಳ ಎಣಿಕೆ ಯಾವಾಗಲೂ ಬೆಸ. ಹಾಗಾಗಿ ಸರಿಯಾಗಿ ನೂರು ಕಾಲಿನ ಶತಪದಿ ಸಿಗುವುದೇ ಇಲ್ಲ.) ತಲೆಯ ಹಿಂದಿನ ಮೊದಲ ಜೊತೆ ಕಾಲುಗಳು ಕೊಕ್ಕೆಯಾಗಿ ಬದಲಾಗಿ ವಿಷದ ಗ್ರಂಥಿಗೆ ಸೇರಿಕೊಂಡಿವೆ. ನಾವು ಕಚ್ಚಿತು ಎನ್ನುತ್ತೇವೆ, ನಿಜವಾಗಿ ಅದು ಕಾಲಿನಿಂದ ಚಿವುಟುತ್ತದೆ. ಎರಡು ಚುಚ್ಚುಗುರುತು ಅಕ್ಕಪಕ್ಕ ಬೀಳುತ್ತವೆ. ನೋವು ಆ ಕ್ಷಣವೇ ಶುರು, ಉರಿಯುವಂಥ ನೋವು. ಕೆಂಪು, ಊತ, ಕೆಲವೊಮ್ಮೆ ತೊಡೆಸಂದಿ ಅಥವಾ ಕಂಕುಳಿನಲ್ಲಿ ಗಡ್ಡೆ ಊದುವುದು ಸಾಮಾನ್ಯ. ಅನಾಫೈಲಾಕ್ಸಿಸ್ ಎಂಬ ತೀವ್ರ ಅಲರ್ಜಿ, ಸ್ನಾಯು ಕರಗುವ ರಾಬ್ಡೊಮಯೊಲಿಸಿಸ್, ಹೃದಯಕ್ಕೆ ರಕ್ತ ಕಡಿಮೆಯಾಗುವುದು ಅಪರೂಪ, ಆದರೆ ವರದಿಯಾಗಿವೆ.

ಚೋರಟೆ ಅಥವಾ ಸಹಸ್ರಪದಿಯ ಕಥೆ ಬೇರೆ. ಅದಕ್ಕೆ ವಿಷದ ಕೊಕ್ಕೆಯಿಲ್ಲ, ಅದು ಕಚ್ಚುವುದಿಲ್ಲ. ಮುಟ್ಟಿದರೆ ಚಕ್ಕುಲಿಯಂತೆ ಸುರುಳಿಯಾಗುತ್ತದೆ, ಮೈಯ ಬದಿಯ ರಂಧ್ರಗಳಿಂದ ರಸ ಬಿಡುತ್ತದೆ. ಹಲವು ಜಾತಿಗಳಲ್ಲಿ ಆ ರಸದಲ್ಲಿರುವುದು ಬೆಂಜೊಕ್ವಿನೋನ್‌ಗಳು, ಇನ್ನು ಕೆಲವಲ್ಲಿ ಹೈಡ್ರೋಜನ್ ಸಯನೈಡ್. ಚರ್ಮ ಮೊದಲು ಹಳದಿ ಕಂದು, ಆಮೇಲೆ ಕಡುಕಂದು ಇಲ್ಲವೇ ನೇರಳೆಗಪ್ಪಾಗುತ್ತದೆ. ಕಲೆ ವಾರಗಟ್ಟಲೆ, ಕೆಲವರಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಶೂ ಒಳಗೆ ಸೇರಿಕೊಂಡ ಚೋರಟೆಯನ್ನು ತುಳಿದವರ ಬೆರಳು ಗ್ಯಾಂಗ್ರೀನ್ ಆದಂತೆ ಕಾಣುವುದುಂಟು. ಕಣ್ಣಿಗೆ ರಸ ಹಾರಿದರೆ ಕೆಂಪಾಗಿ ಊದಿ, ಕಾರ್ನಿಯಾಕ್ಕೂ ಪೆಟ್ಟಾಗಬಹುದು.

ಆದ್ದರಿಂದ ಚಾರ್ಟ್‌ನಲ್ಲಿ "ಮಿಲಿಪೀಡ್ ಬೈಟ್" ಎಂದು ಕಂಡರೆ ಅಲ್ಲಿಯೇ ನಿಲ್ಲಬೇಕು. ಪ್ರಾಣಿಯ ಹೆಸರು ತಪ್ಪಿರಬೇಕು ಅಥವಾ ಕ್ರಿಯಾಪದ ತಪ್ಪಿರಬೇಕು. ಎರಡು ಚುಚ್ಚುಗುರುತು, ತೀವ್ರ ನೋವು ಇದ್ದರೆ ಅದು ಬಹುಶಃ ಜರಿ. ಕಲೆಯಿದ್ದು ಗಾಯವಿಲ್ಲದಿದ್ದರೆ ಚೋರಟೆ. ಆದರೆ ಈ ತೀರ್ಮಾನ ವೈದ್ಯರದು. ಕೋಡರ್ ಮನಸ್ಸಿನಲ್ಲೇ ತಿದ್ದಿಕೊಂಡು ಮುಂದೆ ಹೋಗುವಂತಿಲ್ಲ.

ಅಮೆರಿಕದ ಕೋಡ್, ಅಕ್ಷರ ಅಕ್ಷರವಾಗಿ

2015ರ ಅಕ್ಟೋಬರ್ 1ರಿಂದ ಅಮೆರಿಕ ಬಳಸುತ್ತಿರುವುದು ಐಸಿಡಿ-10-ಸಿಎಂ ಎಂಬ ರೋಗ ವರ್ಗೀಕರಣದ ಕೋಡ್ ಪಟ್ಟಿ. ಅದರಲ್ಲಿ ಟಿ63 ಎಂದರೆ ವಿಷಕಾರಿ ಪ್ರಾಣಿ ಮತ್ತು ಸಸ್ಯಗಳ ಸಂಪರ್ಕದಿಂದ ಆಗುವ ವಿಷಪರಿಣಾಮ. ಟಿ63.4 ಇತರ ಸಂಧಿಪದಿಗಳು (ಕೀಟ, ಜರಿ, ಚೋರಟೆಯಂಥ ಗೆಣ್ಣುಗಾಲಿನ ಜೀವಿಗಳು). ಟಿ63.41 ಜರಿ ಮತ್ತು ವಿಷಕಾರಿ ಸಹಸ್ರಪದಿ, ಎರಡಕ್ಕೂ ಸೇರಿ ಒಂದೇ. ಆರನೆಯ ಸ್ಥಾನ ಉದ್ದೇಶವನ್ನು ಹೇಳುತ್ತದೆ: 1 ಆಕಸ್ಮಿಕ, 2 ತಾನೇ ಮಾಡಿಕೊಂಡದ್ದು, 3 ಬೇರೆಯವರ ಹಲ್ಲೆ, 4 ನಿರ್ಧರಿಸಲಾಗದ್ದು. ಏಳನೆಯದು ಭೇಟಿಯ ಬಗೆ: ಎ, ಡಿ ಅಥವಾ ಎಸ್. ಹಾಗಾಗಿ ದಿನನಿತ್ಯ ಬರುವ ಕೋಡ್ ಟಿ63.411ಎ. ಆರು ಸ್ಥಾನಗಳೂ ಅಂಕೆ ಅಕ್ಷರಗಳಿಂದ ತುಂಬಿರುವುದರಿಂದ ಖಾಲಿ ಸ್ಥಾನ ತುಂಬಲೆಂದು ನಡುವೆ ಎಕ್ಸ್ ತುರುಕುವ ಅಗತ್ಯವಿಲ್ಲ. ಚೇಳಿನ ಟಿ63.2ಎಕ್ಸ್1ಎ ಹಾಕಿ ಅಭ್ಯಾಸವಾದವರು ಇಲ್ಲಿಯೂ ಎಕ್ಸ್ ಸೇರಿಸಿ ಕ್ಲೇಮ್ ವಾಪಸ್ ತರಿಸಿಕೊಳ್ಳುತ್ತಾರೆ.

ಟಿ63ರ ಕೆಳಗೆ "ವಿಷಕಾರಿ ಪ್ರಾಣಿಯ ಕಡಿತ ಅಥವಾ ಸ್ಪರ್ಶ" ಎರಡೂ ಸೇರುತ್ತವೆ ಎಂಬ ಟಿಪ್ಪಣಿಯಿದೆ. ಕಚ್ಚದ ಚೋರಟೆ ಈ ಕೋಡ್‌ನಲ್ಲಿ ಜಾಗ ಪಡೆಯುವುದು ಆ "ಸ್ಪರ್ಶ" ಎಂಬ ಪದದಿಂದಲೇ. ಹಾಗಾಗಿ ವೈದ್ಯರು "ಸಹಸ್ರಪದಿಯ ಸ್ರಾವ ತಗುಲಿ ಬಲಗಾಲ ಹೆಬ್ಬೆರಳಿನಲ್ಲಿ ಕಲೆ ಮತ್ತು ಉರಿ" ಎಂದು ಬರೆದರೂ ಸಾಕು. ಕಚ್ಚಿದೆ ಎಂದು ಕಲ್ಪಿಸುವುದು ಬೇಡ.

ಉದ್ದೇಶದ ವಿಷಯದಲ್ಲಿ ಒಂದು ತಪ್ಪು ಪದೇ ಪದೇ ಕಾಣುತ್ತದೆ. ಚಾರ್ಟ್‌ನಲ್ಲಿ ಉದ್ದೇಶದ ಸುದ್ದಿಯೇ ಇಲ್ಲದಿದ್ದರೆ "ಗೊತ್ತಿಲ್ಲ" ಎಂದುಕೊಂಡು 4 ಹಾಕುವುದು. ನಿಯಮ ಇದಕ್ಕೆ ತದ್ವಿರುದ್ಧ. ಏನೂ ಬರೆದಿಲ್ಲದಿದ್ದರೆ ಆಕಸ್ಮಿಕ ಎಂದೇ ಹಿಡಿಯಬೇಕು. ಉದ್ದೇಶ ನಿರ್ಧರಿಸಲು ಸಾಧ್ಯವಾಗಲಿಲ್ಲ ಎಂದು ದಾಖಲೆಯಲ್ಲಿ ಸ್ಪಷ್ಟವಾಗಿ ಇದ್ದರೆ ಮಾತ್ರ 4.

ಏಳನೆಯ ಅಕ್ಷರದಲ್ಲೂ ಹಾಗೆಯೇ. ಎ ಎಂದರೆ "ಮೊದಲ ಭೇಟಿ" ಎಂದು ಬಾಯಿಪಾಠ ಮಾಡಿದವರು ಎಡವುತ್ತಾರೆ. ಸಕ್ರಿಯ ಚಿಕಿತ್ಸೆ ನಡೆಯುವವರೆಗೂ ಎ. ತುರ್ತು ಘಟಕದಿಂದ ಇನ್ನೊಬ್ಬ ತಜ್ಞರ ಬಳಿ ಹೋದರೂ ಚಿಕಿತ್ಸೆ ಸಕ್ರಿಯವಾಗಿದ್ದರೆ ಎ. ಗಾಯ ಮಾಯುತ್ತಿದೆಯೇ ಎಂದು ನೋಡಲು ಬಂದರೆ ಡಿ. ಪೆಟ್ಟು ಮುಗಿದು ಅದರ ಉಳಿಕೆ ಕಾಡಿದರೆ ಎಸ್. ಎಸ್ ಬಂದಾಗ ಕ್ರಮ ತಿರುಗುತ್ತದೆ: ಉಳಿಕೆಯ ತೊಂದರೆ ಮೊದಲು, ಟಿ63.411ಎಸ್ ಆಮೇಲೆ. ಚರ್ಮದಲ್ಲಿ ಉರಿಯೂತದ ನಂತರದ ಕಪ್ಪು ಉಳಿದಿದೆ ಎಂದು ವೈದ್ಯರು ಬರೆದರೆ ಎಲ್81.0 ಮುಂದೆ ನಿಲ್ಲುತ್ತದೆ. ಆದರೆ ಚೋರಟೆಯ ಕಲೆ ಸ್ರಾವದ ಬಣ್ಣವೇ ಹೊರತು ಉರಿಯೂತದ ಫಲವೇ ಆಗಿರಬೇಕೆಂದಿಲ್ಲ. ವೈದ್ಯರ ಮಾತಿಲ್ಲದೆ ಎಲ್81.0 ಎತ್ತಿಕೊಳ್ಳಬೇಡಿ.

ಕೋಡ್ ಹುಡುಕುವ ದಾರಿ ಕೋಡ್ ಪುಸ್ತಕದ ಅಕಾರಾದಿ ಸೂಚಿಯ "ಬೈಟ್" ಅಲ್ಲ. ಔಷಧ ಮತ್ತು ರಾಸಾಯನಿಕಗಳ ಪಟ್ಟಿಗೆ ಹೋಗಿ "ವೆನಮ್" ಕೆಳಗೆ ಪ್ರಾಣಿಯನ್ನು ಹುಡುಕಿ, ಕೋಡ್ ಸಿಕ್ಕ ಮೇಲೆ ಮುಖ್ಯ ಪಟ್ಟಿಯಲ್ಲಿ ತಾಳೆ ನೋಡಬೇಕು. ಸೂಚಿಯಲ್ಲಿ "ಬೈಟ್, ಇನ್‌ಸೆಕ್ಟ್" ಹಿಡಿದು ಹೊರಟರೆ ಎಸ್90.461ಎ, ಡಬ್ಲ್ಯೂ57.ಎಕ್ಸ್‌ಎಕ್ಸ್‌ಎಕ್ಸ್‌ಎ ಕಡೆಗೆ ತಲುಪುತ್ತೀರಿ. ಮೊದಲನೆಯದು ಬಲಗಾಲ ಹೆಬ್ಬೆರಳಿಗೆ ವಿಷವಿಲ್ಲದ ಕೀಟದ ಕಡಿತ, ಎರಡನೆಯದು ವಿಷವಿಲ್ಲದ ಸಂಧಿಪದಿ ಕಚ್ಚಿದ ಹೊರಕಾರಣ, ಅಂದರೆ ಪೆಟ್ಟು ಹೇಗಾಯಿತು ಎಂಬುದು. ಎರಡೂ "ವಿಷವಿಲ್ಲದ" ಎಂದೇ ಹೇಳುತ್ತವೆ. ಜರಿ ಎಂದು ದಾಖಲಾಗಿರುವ ಚಾರ್ಟ್‌ಗೆ ಇವೆರಡೂ ಸಲ್ಲವು. ಟಿ63.411ಎ ಜೊತೆ ಡಬ್ಲ್ಯೂ57 ಸೇರಿಸುವುದಂತೂ ಒಂದೇ ಸಾಲಿನಲ್ಲಿ ವಿಷವಿದೆ, ವಿಷವಿಲ್ಲ ಎಂದಂತೆ.

ಈ ಕೋಡ್‌ನ ದೊಡ್ಡ ಕೊರತೆಯನ್ನೂ ಹೇಳಬೇಕು. ಮೈಯ ಯಾವ ಭಾಗ, ಎಡವೋ ಬಲವೋ ಎಂಬುದು ಇದರಲ್ಲಿ ಇಲ್ಲವೇ ಇಲ್ಲ. ಜರಿಯೋ ಚೋರಟೆಯೋ ಎಂಬುದೂ ಇಲ್ಲ. ಕೋಡ್ ನುಂಗಿಹಾಕುವುದನ್ನು ಉಳಿಸುವುದು ವೈದ್ಯರ ಬರಹ ಮಾತ್ರ.

ವೈದ್ಯರು ಏನು ಬರೆಯಬೇಕು

ಪ್ರಾಣಿಯನ್ನು ಯಾರು ಕಂಡರು ಎಂಬುದರಿಂದ ಆರಂಭಿಸಿ. ರೋಗಿ ಕಣ್ಣಾರೆ ಕಂಡರೇ, ಸತ್ತ ಪ್ರಾಣಿಯನ್ನು ಡಬ್ಬಿಯಲ್ಲಿ ತಂದರೇ, ಮೊಬೈಲ್‌ನಲ್ಲಿ ಫೋಟೊ ಇದೆಯೇ, ಅಥವಾ ಬರೀ ಊಹೆಯೇ. ನಂತರ ಗಂಟೆ, ಜಾಗ, ಆಗ ಏನು ಮಾಡುತ್ತಿದ್ದರು. ನೋವು ತಕ್ಷಣ ಬಂತೇ ಎಂಬ ಒಂದು ಸಾಲನ್ನು ಬಿಡಲೇಬಾರದು. ಕಟ್ಟುಹಾವು ರಾತ್ರಿ ಮಲಗಿದವರನ್ನು ಕಚ್ಚಿದಾಗ ನೋವೂ ಗುರುತೂ ಇಲ್ಲದಿರಬಹುದು. ಜರಿ ಕಚ್ಚಿದರೆ ನಿದ್ದೆಯಲ್ಲಿದ್ದವರೂ ಚೀರಿ ಏಳುತ್ತಾರೆ. ಪ್ರಾಣಿ ಕಾಣದೆ ನೋವೂ ಇಲ್ಲದೆ ಬಂದವರನ್ನು "ಹುಳ" ಎಂದು ಬರೆದು ಮನೆಗೆ ಕಳಿಸುವುದು ಕೋಡಿಂಗ್ ತಪ್ಪಿಗಿಂತ ಬಹಳ ದೊಡ್ಡದು.

ಗಾಯದ ವಿವರದಲ್ಲಿ ಭಾಗ, ಬದಿ, ಚುಚ್ಚುಗುರುತು ಎಷ್ಟು, ಎಷ್ಟು ಮಿಲಿಮೀಟರ್ ಅಂತರ ಎಂಬುದಿರಲಿ. ಊತದ ಅಂಚಿಗೆ ಪೆನ್ನಿನಿಂದ ಗೆರೆ ಎಳೆದು ಪಕ್ಕದಲ್ಲಿ ಗಂಟೆ ಬರೆದರೆ ಮುಂದಿನ ಪಾಳಿಯವರಿಗೆ ಊತ ಹಬ್ಬುತ್ತಿದೆಯೇ ಎಂದು ತಿಳಿಯುತ್ತದೆ. ನೋವು 0ರಿಂದ 10ರಲ್ಲಿ ಎಷ್ಟು, ಚಿಕಿತ್ಸೆಗೆ ಮುನ್ನ ಮತ್ತು ನಂತರ. ಇಲ್ಲದಿರುವುದನ್ನೂ ಬರೆಯಬೇಕು: ರೆಪ್ಪೆ ಜೋತಿಲ್ಲ, ಉಸಿರಿಗೆ ತೊಂದರೆಯಿಲ್ಲ, ರಕ್ತಸ್ರಾವವಿಲ್ಲ, ಎದೆನೋವಿಲ್ಲ. ಹಾವಿನ ಸಂಶಯವಿದ್ದರೆ ನಮ್ಮಲ್ಲಿ 20 ನಿಮಿಷದ ರಕ್ತ ಹೆಪ್ಪುಗಟ್ಟುವ ಪರೀಕ್ಷೆಯ ಫಲಿತಾಂಶವೂ ಬೇಕು.

ಚಿಕಿತ್ಸೆಯಲ್ಲಿ "ಹಾಟ್ ವಾಟರ್" ಎಂದಷ್ಟೇ ಬರೆದರೆ ಸಾಲದು. ತಾಳಬಲ್ಲಷ್ಟು ಬಿಸಿ, 45 ಡಿಗ್ರಿ ಸೆಲ್ಸಿಯಸ್ ಮೀರದ ನೀರು, ಎಷ್ಟು ನಿಮಿಷ ಎಂದು ಬರೆಯಿರಿ. ಸುಟ್ಟ ಗುಳ್ಳೆ ಎದ್ದರೆ ಅದು ವಿಷದಿಂದಲೋ ನೀರಿನಿಂದಲೋ ಎಂಬ ಪ್ರಶ್ನೆಗೆ ಈ ಸಾಲೇ ಉತ್ತರ. ಲಿಡೊಕೇನ್ ಚುಚ್ಚಿದರೆ ಪ್ರಮಾಣ ಮತ್ತು ಶೇಕಡಾಂಶ, ನೋವಿನ ಇಂಜೆಕ್ಷನ್ ಕೊಟ್ಟರೆ ಮಿಲಿಗ್ರಾಂ ಮತ್ತು ಕೊಟ್ಟ ದಾರಿ, ಧನುರ್ವಾಯು ಲಸಿಕೆ ಕೊನೆಯದಾಗಿ ಯಾವಾಗ ಆಗಿತ್ತು. ಜರಿಗೆ ಪ್ರತಿವಿಷ ಚಿಕಿತ್ಸೆ ಇಲ್ಲ. ಚೋರಟೆಯಾದರೆ ಸೋಪು ನೀರಿನಲ್ಲಿ ತೊಳೆದದ್ದು, ಕಣ್ಣಾದರೆ ಎಷ್ಟು ಹೊತ್ತು ನೀರು ಹಾಯಿಸಿದ್ದು, ಫ್ಲೊರೆಸಿನ್ ಬಣ್ಣ ಹಚ್ಚಿ ನೋಡಿದಾಗ ಕಂಡದ್ದು.

ಕೊನೆಗೆ ರೋಗನಿರ್ಣಯದ ಸಾಲು. ಅಮೆರಿಕದ ಚಾರ್ಟ್‌ಗಳಲ್ಲಿ ಇಲ್ಲೇ ಕೋಡ್ ಬದಲಾಗುವುದು. ಹೊರರೋಗಿ ಮತ್ತು ತುರ್ತು ಘಟಕದ ಭೇಟಿಯಲ್ಲಿ "ಪ್ರಾಬಬಲ್ ಸೆಂಟಿಪೀಡ್ ಬೈಟ್" ಎಂದಿದ್ದರೆ ಟಿ63.411ಎ ಹಾಕುವಂತಿಲ್ಲ. ಬಹುಶಃ, ಸಂಶಯ, ಇರಬಹುದು ಎಂಬ ಪದಗಳಿರುವ ನಿರ್ಣಯಕ್ಕೆ ಅಲ್ಲಿ ಕೋಡ್ ಇಲ್ಲ; ಲಕ್ಷಣಕ್ಕೆ ಹೋಗಬೇಕು. ಬಲಗಾಲ ಬೆರಳಿನ ನೋವು ಎಂ79.674, ಬಲಗಾಲಿನ ಊತ ಆರ್22.41, ಹೀಗೆ. ಅದೇ ಪದ ಒಳರೋಗಿಯ ಬಿಡುಗಡೆ ಸಾರಾಂಶದಲ್ಲಿದ್ದರೆ ಖಚಿತವೆಂಬಂತೆ ಕೋಡ್ ಹಾಕಬಹುದು. ಒಂದೇ ವಾಕ್ಯ, ಎರಡು ಕಡೆ ಎರಡು ಬೆಲೆ. ಹೊಸಬರಿಗೆ ಇದು ವಿಚಿತ್ರವೆನಿಸುತ್ತದೆ, ನನಗೂ ಇದರ ತರ್ಕ ಪೂರ್ತಿ ಹಿಡಿಸಿಲ್ಲ, ಆದರೆ ಮಾರ್ಗಸೂಚಿ ಇರುವುದೇ ಹಾಗೆ.

ರೋಗಿ ಬಂದ ಕೂಡಲೇ ಮೊದಲು ನೋಡುವ ಟ್ರಯಾಜ್ ನರ್ಸ್ "ಸೆಂಟಿಪೀಡ್" (ಜರಿ) ಎಂದು ಬರೆದು, ವೈದ್ಯರು "ಇನ್‌ಸೆಕ್ಟ್ ಬೈಟ್" ಎಂದು ಮುಗಿಸಿರುವ ಚಾರ್ಟ್‌ಗಳು ಸಾಕಷ್ಟು ಬರುತ್ತವೆ. ನರ್ಸ್ ಬರಹದಿಂದ ರೋಗನಿರ್ಣಯ ಎತ್ತಿಕೊಳ್ಳಲಾಗದು. ವೈದ್ಯರಿಗೆ ಕ್ವೆರಿ ಕಳಿಸಬೇಕು. ಅಮೆರಿಕದ ವೈದ್ಯಕೀಯ ದಾಖಲಾತಿಯ ಸಂಘಗಳಾದ ಅಹಿಮಾ ಮತ್ತು ಆಕ್ಡಿಸ್‌ಗಳ ಮಾರ್ಗಸೂಚಿಯಂತೆ ಆ ಪ್ರಶ್ನೆ ಉತ್ತರವನ್ನು ಬಾಯಿಗೆ ತುರುಕಬಾರದು. "ಇದನ್ನು ಸೆಂಟಿಪೀಡ್ ಎಂದು ತಿದ್ದುತ್ತೀರಾ" ಎನ್ನುವುದು ತಪ್ಪು. "ಟ್ರಯಾಜ್ ಟಿಪ್ಪಣಿಯಲ್ಲಿ ರೋಗಿ ಜರಿ ಕಂಡದ್ದಾಗಿ ಇದೆ, ಪರೀಕ್ಷೆಯಲ್ಲಿ ಎರಡು ಚುಚ್ಚುಗುರುತು ದಾಖಲಾಗಿವೆ, ಅಂತಿಮ ನಿರ್ಣಯದಲ್ಲಿ ಕೀಟ ಕಡಿತ ಎಂದಿದೆ, ನಿಮ್ಮ ವೈದ್ಯಕೀಯ ಅಭಿಪ್ರಾಯದಲ್ಲಿ ಕಾರಣ ಯಾವುದು" ಎಂದು ಕೇಳಿ, ಆಯ್ಕೆಗಳ ಜೊತೆ "ಬೇರೆ" ಮತ್ತು "ನಿರ್ಧರಿಸಲಾಗದು" ಎಂಬ ಎರಡನ್ನೂ ಕೊಡಬೇಕು.

ಯಾವುದು ಮೊದಲು, ಯಾವುದು ಆಮೇಲೆ

ವಿಷಪರಿಣಾಮದ ಕೋಡ್ ಮೊದಲು, ಅದರಿಂದಾದ ತೊಂದರೆಗಳು ಆಮೇಲೆ. ಜರಿ ಕಚ್ಚಿ ಅನಾಫೈಲಾಕ್ಟಿಕ್ ಶಾಕ್ ಆದರೆ ಟಿ63.411ಎ, ನಂತರ ಟಿ78.2ಎಕ್ಸ್‌ಎಕ್ಸ್‌ಎ. ರಾಬ್ಡೊಮಯೊಲಿಸಿಸ್ ಆದರೆ ಎಂ62.82, ಕಿಡ್ನಿಗೆ ತೀವ್ರ ಪೆಟ್ಟಾದರೆ ಎನ್17.9. ಕಚ್ಚಿದ ಜಾಗದ ನೋವಿಗೂ ಕೆಂಪಿಗೂ ಬೇರೆ ಕೋಡ್ ಬೇಡ, ಅವು ವಿಷದ ಜೊತೆಗೇ ಬರುವಂಥವು.

ಸೆಲ್ಯುಲೈಟಿಸ್, ಅಂದರೆ ಚರ್ಮದ ಸೋಂಕಿನ ಬಗ್ಗೆ ಎಚ್ಚರ ಬೇಕು. ಜರಿಯ ವಿಷವೇ ಚರ್ಮವನ್ನು ಕೆಂಪಗೆ ಬಿಸಿ ಮಾಡುತ್ತದೆ. ಆಂಟಿಬಯಾಟಿಕ್ ಬರೆದಿದ್ದಾರೆ, ಹಾಗಾಗಿ ಸೋಂಕಿರಬೇಕು ಎಂದು ಎಲ್03.031 ಹಾಕುವುದು ಕೋಡರ್ ವೈದ್ಯನಾದಂತೆ. "ಬಲಗಾಲ ಬೆರಳಿನ ಸೆಲ್ಯುಲೈಟಿಸ್" ಎಂಬ ಪದ ಚಾರ್ಟ್‌ನಲ್ಲಿ ಇರಲೇಬೇಕು.

ಚೋರಟೆಯ ರಸ ಕಣ್ಣಿಗೆ ಬಿದ್ದಾಗ ಎರಡು ದಾರಿ. ವೈದ್ಯರು ವಿಷಜನ್ಯ ಕಂಜಂಕ್ಟಿವೈಟಿಸ್ (ಕಣ್ಣಿನ ಬಿಳಿಭಾಗದ ಮೇಲ್ಪೊರೆಯ ಉರಿಯೂತ) ಎಂದರೆ ಬಲಗಣ್ಣಿಗೆ ಎಚ್10.211, ಕಾರ್ನಿಯಾ ಅಥವಾ ಕಂಜಂಕ್ಟಿವಾ ರಾಸಾಯನಿಕದಿಂದ ಸುಟ್ಟಿದೆ ಎಂದರೆ ಟಿ26.61ಎಕ್ಸ್‌ಎ. ಒಂದೇ ಕಣ್ಣಿಗೆ ಇವೆರಡನ್ನೂ ಒಟ್ಟಿಗೆ ಹಾಕಲು ಎಕ್ಸ್‌ಕ್ಲೂಡ್ಸ್-1 (ಜೊತೆಗೆ ಹಾಕಬಾರದ ಕೋಡ್‌ಗಳನ್ನು ಹೇಳುವ) ಟಿಪ್ಪಣಿ ಬಿಡುವುದಿಲ್ಲ. ಯಾವುದೇ ಆದರೂ ಮುಂದೆ ಟಿ63.411ಎ ಇರಬೇಕು. ಮೊದಲು ಅದನ್ನು ಕೋಡ್ ಮಾಡಿ ಎಂಬ ಸೂಚನೆ ಎರಡರ ಕೆಳಗೂ ಇದೆ.

ಈಗ ಒಂದು ಪೂರ್ತಿ ಚಾರ್ಟ್ ಕಟ್ಟಿಕೊಳ್ಳೋಣ. ತನ್ನ ಮನೆಯ ಹಿತ್ತಲಿನಲ್ಲಿ ತೋಟಗಾರಿಕೆ ಮಾಡುವಾಗ ಒಬ್ಬರ ಬಲಗೈ ತೋರುಬೆರಳಿಗೆ ಜರಿ ಕಚ್ಚಿದೆ, ತುರ್ತು ಘಟಕದಲ್ಲಿ ಚಿಕಿತ್ಸೆಯಾಗಿ ಧನುರ್ವಾಯು ಸೇರಿದ ಟಿಡ್ಯಾಪ್ ಲಸಿಕೆ ಕೊಟ್ಟು ಕಳಿಸಿದ್ದಾರೆ. ಟಿ63.411ಎ ಮೊದಲು. ಒಂಟಿ ಮನೆಯ ಹಿತ್ತಲಿಗೆ ವೈ92.017, ತೋಟಗಾರಿಕೆಗೆ ವೈ93.ಎಚ್2, ಹವ್ಯಾಸಕ್ಕಾಗಿ ಮಾಡಿದ್ದರಿಂದ ವೈ99.8. ಲಸಿಕೆಗೆ ಜೆಡ್23, ಬಿಲ್‌ನಲ್ಲಿ ಲಸಿಕೆಯ ಕೋಡ್ 90715 ಮತ್ತು ಅದನ್ನು ಚುಚ್ಚಿದ ಕೆಲಸದ ಕೋಡ್ 90471. ವೈ92, ವೈ93, ವೈ99 ಮೊದಲ ಚಿಕಿತ್ಸೆಯ ಭೇಟಿಯಲ್ಲಿ ಒಂದು ಸಲ ಮಾತ್ರ. ಅದೇ ವ್ಯಕ್ತಿ ಸಂಬಳಕ್ಕೆ ತೋಟದ ಕೆಲಸ ಮಾಡುವವರಾಗಿದ್ದರೆ ವೈ99.0 ಬರುತ್ತದೆ, ಆಗ ಬಿಲ್ ಕಟ್ಟಬೇಕಾದವರು ಬೇರೆಯೇ ಆಗಬಹುದು: ಆರೋಗ್ಯ ವಿಮೆಯ ಬದಲು ಉದ್ಯೋಗದಾತರ ಕಾರ್ಮಿಕ ಪರಿಹಾರ ವಿಮೆ. "ಏನು ಮಾಡುತ್ತಿದ್ದಿರಿ" ಎಂಬ ಪ್ರಶ್ನೆಯನ್ನು ಮೇಲೆ ಸೇರಿಸಿದ್ದು ಇದಕ್ಕೇ.

ಮಕ್ಕಳ ಮೈಮೇಲಿನ ಚೋರಟೆ ಕಲೆ ಇನ್ನೊಂದು ಸೂಕ್ಷ್ಮ. ಕಡುಕಂದು ಗುರುತನ್ನು ಹೊಡೆತದ ಕಲೆಯೆಂದು ಸಂಶಯಪಟ್ಟ ಪ್ರಸಂಗಗಳು ವೈದ್ಯಸಾಹಿತ್ಯದಲ್ಲಿವೆ. ವೈದ್ಯರು ದೌರ್ಜನ್ಯದ ಸಂಶಯವೆಂದು ದಾಖಲಿಸಿದರೆ ಟಿ76.12ಎಕ್ಸ್‌ಎ, ಪರೀಕ್ಷಿಸಿ ಇಲ್ಲವೆಂದು ತೀರ್ಮಾನಿಸಿದರೆ ಜೆಡ್04.72. ಆ ಕೋಡ್ ಮಗುವಿನ ದಾಖಲೆಯಲ್ಲಿ ಬಹುಕಾಲ ಉಳಿಯುವಂಥದ್ದು, ಆದ್ದರಿಂದ ಕಲೆಯ ಆಕಾರ, ಒತ್ತಿದರೆ ನೋವಿದೆಯೇ, ಮನೆಯಲ್ಲಿ ಚೋರಟೆ ಕಂಡದ್ದುಂಟೇ ಎಂಬ ಸಾಲುಗಳಿಲ್ಲದ ಚಾರ್ಟ್‌ನ್ನು ಹಾಗೇ ಮುಂದೆ ತಳ್ಳುವುದು ಸರಿಯಲ್ಲ.

ನಮ್ಮ ಆಸ್ಪತ್ರೆಗಳಲ್ಲಿ

ಭಾರತದಲ್ಲಿ ಬಳಸುವುದು ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ-10. ಅಮೆರಿಕದ ಆವೃತ್ತಿ ಅದರ ಮರಿಯಾದರೂ ಇಲ್ಲಿ ಲೆಕ್ಕ ಬೇರೆ. ನಮ್ಮ ಪುಸ್ತಕದಲ್ಲಿ ಟಿ63.41 ಇಲ್ಲ, ಟಿ63.4ಕ್ಕೇ ನಿಲ್ಲುತ್ತದೆ. ಪ್ರಾಣಿಯ ಹೆಸರು ಹೊರಕಾರಣದಲ್ಲಿ ಸಿಗುತ್ತದೆ: ಎಕ್ಸ್24, ಜರಿ ಮತ್ತು ಉಷ್ಣವಲಯದ ವಿಷಕಾರಿ ಸಹಸ್ರಪದಿಯ ಸಂಪರ್ಕ. ಹಾಗಾಗಿ ಇಲ್ಲಿ ಎರಡು ಕೋಡ್ ಬೇಕೇ ಬೇಕು. ಬರೀ ಟಿ63.4 ಹಾಕಿದರೆ ಜೇನು, ಕಣಜ, ಜರಿ ಎಲ್ಲ ಒಂದೇ ಬುಟ್ಟಿಗೆ ಬೀಳುತ್ತವೆ. ಎಕ್ಸ್24ರ ನಂತರದ ಅಂಕೆ ಜಾಗವನ್ನು ಹೇಳುತ್ತದೆ: ಮನೆಯಾದರೆ 0, ಹೊಲ ತೋಟವಾದರೆ 7. ಅಮೆರಿಕದ ಆವೃತ್ತಿಯಲ್ಲಿ ಎಕ್ಸ್24 ಇಲ್ಲವೇ ಇಲ್ಲ. ಇಲ್ಲಿನ ರೆಕಾರ್ಡ್ ರೂಮಿನಿಂದ ಅಮೆರಿಕದ ಪ್ರಾಜೆಕ್ಟ್‌ಗೆ ಹೋದವರು ಮೊದಲ ವಾರ ಅದನ್ನು ಹುಡುಕುತ್ತ ಕೂರುವುದು ಮಾಮೂಲು.

ವಿಮೆಯ ಕ್ಲೇಮ್ ಫಾರ್ಮ್‌ನಲ್ಲಿ ಆಸ್ಪತ್ರೆ ತುಂಬುವ ಭಾಗ-ಬಿ ಐಸಿಡಿ-10 ಕೋಡ್ ಕೇಳುತ್ತದೆ. ಅಲ್ಲಿ ಅಮೆರಿಕದ ಟಿ63.411ಎ ಬರೆದು, ಬಿಡುಗಡೆ ಪತ್ರದಲ್ಲಿ "ಅನ್‌ನೋನ್ ಬೈಟ್" ಎಂದಿದ್ದರೆ ಪ್ರಶ್ನೆ ಬರುವುದು ಖಂಡಿತ. ಪ್ರಾಣಿ ನಿಜಕ್ಕೂ ಗೊತ್ತಿಲ್ಲದಿದ್ದರೆ ಜರಿಯೆಂದು ಊಹಿಸುವುದಕ್ಕಿಂತ ವಿಷಪ್ರಾಣಿ ಅನಿರ್ದಿಷ್ಟ ಎಂಬ ಟಿ63.9 ಮತ್ತು ಎಕ್ಸ್29 ಹೆಚ್ಚು ಪ್ರಾಮಾಣಿಕ, ಅದೂ ವಿಷವೇರಿದೆ ಎಂದು ವೈದ್ಯರು ಬರೆದಿದ್ದರೆ. ಹಾವಾದರೆ ಟಿ63.0 ಮತ್ತು ಎಕ್ಸ್20. ಕರ್ನಾಟಕದಲ್ಲಿ 2024ರಿಂದ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕು. "ಹುಳ" ಎಂದು ಬರೆದ ಹಾವು ಆ ವರದಿಯಿಂದ ತಪ್ಪಿಸಿಕೊಳ್ಳುತ್ತದೆ.

ಜರಿಯಿಂದ ಸಾವು ತೀರ ಅಪರೂಪ. ಆದರೂ ಆಯಿತೆಂದರೆ ಆಸ್ಪತ್ರೆಯ ಸಾವಿಗೆ ಸಾವಿನ ಕಾರಣದ ಪ್ರಮಾಣಪತ್ರವಾದ ಫಾರ್ಮ್ 4 ತುಂಬಬೇಕು. ಭಾಗ ಒಂದರ ಮೊದಲ ಸಾಲಿನಲ್ಲಿ "ಕಾರ್ಡಿಯೊ ರೆಸ್ಪಿರೇಟರಿ ಅರೆಸ್ಟ್" ಎಂದು ಬರೆದು ಕೈತೊಳೆದುಕೊಳ್ಳುವುದು ನಮ್ಮಲ್ಲಿ ಅಂಟಿದ ಚಟ. ಅದು ಸಾಯುವ ರೀತಿಯೇ ಹೊರತು ಕಾರಣವಲ್ಲ. ಮೊದಲ ಸಾಲಿನಲ್ಲಿ ಅನಾಫೈಲಾಕ್ಟಿಕ್ ಶಾಕ್, ಅದರ ಕೆಳಗೆ ಜರಿ ಕಡಿತದ ವಿಷ, ಪ್ರತಿಯೊಂದರ ಎದುರು ಎಷ್ಟು ನಿಮಿಷ ಅಥವಾ ಗಂಟೆ ಎಂಬ ಅವಧಿ, ಸಾವಿನ ಬಗೆ ಆಕಸ್ಮಿಕ, ಪೆಟ್ಟು ಹೇಗಾಯಿತು ಎಂಬಲ್ಲಿ "ಮನೆಯಲ್ಲಿ ಮಲಗಿದ್ದಾಗ ಜರಿ ಕಚ್ಚಿ" ಎಂಬ ವಿವರ. ಮೂಲ ಕಾರಣವಾಗಿ ಆಗ ಎಕ್ಸ್24 ಲೆಕ್ಕಕ್ಕೆ ಬರುತ್ತದೆ. ಪೊಲೀಸರಿಗೆ ತಿಳಿಸದೆ ದೇಹ ಬಿಟ್ಟುಕೊಡುವ ಹಾಗಿಲ್ಲ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 194ನೇ ಕಲಂ ಅಸಹಜ ಸಾವುಗಳ ಸಾಲಿನಲ್ಲಿ ಪ್ರಾಣಿಯಿಂದಾದ ಸಾವನ್ನೂ ಹೆಸರಿಸಿದೆ, ಮತ್ತು ಆ ಪ್ರಾಣಿ ಇಷ್ಟು ದೊಡ್ಡದಿರಬೇಕು ಎಂದು ಎಲ್ಲಿಯೂ ಹೇಳಿಲ್ಲ.